ಕಾಫಿ ಕೊಯ್ಲಿಗೆ ಹೋಗುವಾಗ ಕೂಸು ಯಾರ ಕೈಲಿ?

ನಮ್ಮ ಬಯಲುಸೀಮೆಯ ಸಣ್ಣ ರೈತರಿಗೆ ವರ್ಷಕ್ಕೆ ಎರಡು ಬೆಳೆ. ಮಳೆ ಕೈ ಹಿಡಿದರೆ ರಾಗಿ, ಅದಾದ ಮೇಲೆ ಕಾಫಿ. ಕಾಫಿ ಬೆಳೆಯುವವರು ಬೇರೆ, ಕೊಯ್ಯುವವರು ನಾವು. ನನ್ನದು ಕಡೂರು ಕಡೆ ನಾಲ್ಕು ಎಕರೆ ಖುಷ್ಕಿ. ರಾಗಿ, ಅವರೆ, ಹುರುಳಿ ಬಿಟ್ಟರೆ ಆ ನೆಲದಲ್ಲಿ ಇನ್ನೇನೂ ನಂಬುವ ಹಾಗಿಲ್ಲ. ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ ನಾವು ಇಪ್ಪತ್ತೊಂದು ಜನ ಗುಂಪು ಕಟ್ಟಿಕೊಂಡು ಮೂಡಿಗೆರೆ ತಾಲೂಕಿನ ಗೋಣಿಬೀಡು ಹೋಬಳಿಗೆ ಹೋಗುತ್ತೇವೆ. ರೋಬಸ್ಟಾ ಕೊಯ್ಲು ಮುಗಿಸಿ ಶಿವರಾತ್ರಿ ಹೊತ್ತಿಗೆ ಊರಿಗೆ ವಾಪಸ್ಸು. ಗುಂಪಿನ ಪರವಾಗಿ ತೋಟದವರ ಹತ್ತಿರ ಮಾತಾಡುವುದು, ತೂಕದ ಲೆಕ್ಕ ಬರೆದಿಡುವುದು ನನ್ನ ಪಾಲಿನ ಕೆಲಸ. ಏಳನೇ ಕ್ಲಾಸು ಓದಿದ್ದೇನೆ, ಕೂಡುವುದು ಕಳೆಯುವುದು ಬರುತ್ತದೆ.

ಈ ಪತ್ರಿಕೆಯಲ್ಲಿ ಕೂಲಿಯಾಳು ಸಿಗುವುದಿಲ್ಲ ಅಂತ ಬೆಳೆಗಾರರು ಬರೆದದ್ದನ್ನು ಓದುತ್ತಲೇ ಇರುತ್ತೇನೆ. ಸಿಕ್ಕ ಆಳಿನ ಕಂಕುಳಲ್ಲಿರುವ ಕೂಸಿನ ಬಗ್ಗೆ ಯಾರೂ ಬರೆದದ್ದು ನೋಡಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ಸರ್ಕಾರದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಸಿಗದೇ ಇರುವ ಕಡೆ ನಾವು ಏನು ಮಾಡಿಕೊಂಡೆವು ಅನ್ನೋದನ್ನು ನನ್ನ ಬುಕ್ಕಿನ ಲೆಕ್ಕದ ಸಮೇತ ಇಲ್ಲಿ ಹೇಳುತ್ತೇನೆ. ನಾವು ಮಾಡಿಕೊಂಡ ಏರ್ಪಾಟಿಗೆ ಈಗ ಎರಡು ಕೊಯ್ಲು ಕಳೆದಿವೆ.

ತೂಕದಲ್ಲಿ ಕಾಣುವ ಕೂಸು

ನಮ್ಮ ಗುಂಪಿನಲ್ಲಿ ಹನ್ನೆರಡು ಜನ ಹೆಂಗಸರು. 2024ರ ಜನವರಿಯಲ್ಲಿ ಅವರ ಪೈಕಿ ಐದು ಜನಕ್ಕೆ ಆರು ವರ್ಷದೊಳಗಿನ ಮಕ್ಕಳಿದ್ದವು. ಚಿಕ್ಕದಕ್ಕೆ ಎಂಟು ತಿಂಗಳು, ದೊಡ್ಡದಕ್ಕೆ ನಾಲ್ಕು ವರ್ಷ. ನೆರಳಿನ ಮರದ ಕೊಂಬೆಗೆ ಹಳೇ ಸೀರೆಯ ಜೋಲಿ ಕಟ್ಟಿ ಅದರಲ್ಲಿ ಚಿಕ್ಕದನ್ನು ಹಾಕುವುದು, ನಡೆಯುವ ಮಗುವನ್ನು ಚೀಲದ ಮೇಲೆ ಕೂರಿಸುವುದು. ಒಂದು ಗಿಡ ಮುಗಿಸಿ ಮುಂದಿನ ಗಿಡಕ್ಕೆ ಹೋದರೆ ಮಗು ಕಣ್ಣಿಗೆ ಮರೆ. ಅದು ಅತ್ತರೆ ಕೈ ನಿಂತಿತು. ಬೆಳಗ್ಗೆ ಇಬ್ಬನಿಗೆ ಗಿಡವೆಲ್ಲ ತೊಯ್ದಿರುತ್ತದೆ, ಕೂಸಿನ ಬಟ್ಟೆಯೂ ಒದ್ದೆ. ಕೆಮ್ಮು, ನೆಗಡಿ ಕೇಳುವುದೇ ಬೇಡ.

ಆ ವಾರ ನಾನು ಒಂದು ಲೆಕ್ಕ ಬರೆದೆ. ವರ್ಷದಿಂದ ವರ್ಷಕ್ಕೆ ಫಸಲು ಒಂದೇ ಥರ ಇರೋದಿಲ್ಲ, ಅದಕ್ಕೆ ಒಂದೇ ತಾಕು, ಒಂದೇ ವಾರ ಹಿಡಿದೆ. ಕೂಸಿಲ್ಲದ ಹೆಂಗಸರು ದಿನಕ್ಕೆ 90 ಕಿಲೋ ಹಣ್ಣು ತೂಗಿಸಿದರು. ಕೂಸಿರುವ ಐವರು 60 ಕಿಲೋ. ಕಿಲೋಗೆ ನಮಗೆ 5 ರೂಪಾಯಿ. ಅಂದರೆ ಒಬ್ಬೊಬ್ಬ ತಾಯಿಗೆ ದಿನಕ್ಕೆ 150 ರೂಪಾಯಿ ಕಡಿಮೆ. ಕೂಸು ಅಪ್ಪನದೂ ಹೌದು, ಆದರೆ ತೂಕ ಇಳಿಯುವುದು ಅವ್ವನ ಚೀಲದಲ್ಲಿ. ಗಂಡಸರು ಏಣಿ ಹಾಕಿಕೊಂಡು ಮೆಣಸು ಕೊಯ್ಯುವ ಕಡೆ ಯಾರೂ ಜೋಲಿ ಕಟ್ಟಿದ್ದು ನಾನು ಕಂಡಿಲ್ಲ.

ತೂಕದಲ್ಲಿ ಕಾಣದೇ ಇರುವ ನಷ್ಟ ಇನ್ನೊಂದು. ಕೂಸು ನೋಡಿಕೊಳ್ಳಲಿ ಅಂತ ಎಷ್ಟೋ ಮನೆಯವರು ಎಂಟು ಹತ್ತು ವರ್ಷದ ಹೆಣ್ಣು ಮಗಳನ್ನು ಸ್ಕೂಲು ಬಿಡಿಸಿ ಜೊತೆಗೆ ಕರೆದುಕೊಂಡು ಬರುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಆ ವರ್ಷ ನನ್ನ ಮೊಮ್ಮಗಳು ನಾಲ್ಕನೇ ಕ್ಲಾಸು. ಒಂದೂವರೆ ವರ್ಷದ ತಮ್ಮನನ್ನು ಕಣದ ಹತ್ತಿರ ಆಡಿಸುತ್ತಿದ್ದಳು. ಒಣಹಾಕಿದ್ದ ಕಾಫಿಯಲ್ಲಿ ಒಂದು ಬೀಜ ಎತ್ತಿ ಹುಡುಗ ಮೂಗಿಗೆ ತುರುಕಿಕೊಂಡ. ತೆಗೆಯಲು ಹೋಗಿ ಅದು ಇನ್ನೂ ಒಳಕ್ಕೆ ಹೋಯಿತು. ಸಾಹುಕಾರರ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೆಗೆಸಿದೆವು. ಹುಡುಗನಿಗೆ ಏನೂ ಆಗಲಿಲ್ಲ, ಸಂಜೆಗೆ ಆಡುತ್ತಿದ್ದ. ಆದರೆ ಹೋದವರು ಬಂದವರೆಲ್ಲ ಹುಡುಗಿಗೇ ಬೈದರು. ಅವಳು ನಾಲ್ಕು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಒಂಬತ್ತು ವರ್ಷದವಳು, ಅವಳನ್ನೇ ಯಾರಾದರೂ ನೋಡಿಕೊಳ್ಳಬೇಕಾದ ವಯಸ್ಸು. ಮಾರ್ಚಿಯಲ್ಲಿ ಊರಿಗೆ ಹೋದಾಗ ಭಾಗಾಕಾರ ಅವಳಿಗೆ ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ಅದು ಮುಗಿದುಹೋಗಿತ್ತು.

ಕಾಯ್ದೆಯಲ್ಲಿ ಐವತ್ತು ಜನ

ಕಾಫಿ ತೋಟದಲ್ಲಿ ಮಕ್ಕಳ ಮನೆ ಇರಬೇಕು ಅನ್ನೋದು ಹೊಸ ಮಾತಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಅದು ಇತ್ತು. ಐವತ್ತು ಅಥವಾ ಹೆಚ್ಚು ಹೆಂಗಸರು ಕೆಲಸ ಮಾಡುವ ತೋಟದಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಮಾಲೀಕರೇ ಕೋಣೆ ಕಟ್ಟಿಸಿ, ನೋಡಿಕೊಳ್ಳಲು ತರಬೇತಾದ ಹೆಂಗಸನ್ನು ಇಡಬೇಕು ಅಂತ. 1981ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಗುತ್ತಿಗೆದಾರರು ಕರೆತಂದ ಹೆಂಗಸರನ್ನೂ ಲೆಕ್ಕಕ್ಕೆ ಹಿಡಿಯಬೇಕು, ಹೆಂಗಸರು ಐವತ್ತಿಲ್ಲದಿದ್ದರೂ ಮಕ್ಕಳು ಇಪ್ಪತ್ತಿದ್ದರೆ ಕೋಣೆ ಕೊಡಬೇಕು ಎಂದಾಯಿತು. ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದಾದರೂ ಒಂದು ದಿನ ಅಷ್ಟು ಜನ ಇದ್ದರೂ ಸಾಕಿತ್ತು. ಕೊಯ್ಲಿನ ಎರಡು ತಿಂಗಳು ಮಾತ್ರ ಜನ ತುಂಬುವ ಕಾಫಿ ತೋಟಕ್ಕೆ ಇದು ಮುಖ್ಯವಾದ ಮಾತು. ನಾನು ಇದನ್ನೆಲ್ಲ ಓದಿ ತಿಳಿದವನಲ್ಲ, ಪರಿಚಯದ ವಕೀಲರೊಬ್ಬರು ಒಂದು ಮಧ್ಯಾಹ್ನ ಕೂರಿಸಿಕೊಂಡು ಓದಿ ಹೇಳಿದರು.

ನನ್ನ ತಾಯಿ ಸಣ್ಣ ವಯಸ್ಸಿನಲ್ಲಿ ಒಂದು ದೊಡ್ಡ ತೋಟಕ್ಕೆ ಕೊಯ್ಲಿಗೆ ಹೋಗುತ್ತಿದ್ದರು. ಅಲ್ಲಿ ಮಕ್ಕಳ ಮನೆ ಇತ್ತು, ಆಯಾ ಇದ್ದಳು, ಹತ್ತು ಗಂಟೆಗೆ ಹಾಲು ಕೊಡುತ್ತಿದ್ದರು ಅಂತ ಈಗಲೂ ಹೇಳುತ್ತಾರೆ. ನಾನು ಆ ಹಾಲು ಕುಡಿದವನೇ ಅಂತೆ, ನನಗೆ ನೆನಪಿಲ್ಲ.

ಆಮೇಲೆ ತೋಟಗಳು ಅಣ್ಣತಮ್ಮಂದಿರಲ್ಲಿ ಹಂಚಿಹೋದವು. ಲೈನಿನಲ್ಲೇ ಹುಟ್ಟಿ ಬೆಳೆದ ಕಾಯಂ ಆಳುಗಳ ಮಕ್ಕಳು ಬೆಂಗಳೂರು ಸೇರಿದರು. ಈಗ ಕೊಯ್ಲಿಗೆ ಬರುವವರು ನಮ್ಮಂಥ ಗುಂಪಿನವರು, ಇಲ್ಲವೇ ಅಸ್ಸಾಂ, ಬಿಹಾರ, ಜಾರ್ಖಂಡ್ ಕಡೆಯವರು. ಕಾಫಿ ಬೋರ್ಡಿನ ಲೆಕ್ಕದಲ್ಲಿ 10 ಹೆಕ್ಟೇರಿನ ಒಳಗಿನವರು ಸಣ್ಣ ಬೆಳೆಗಾರರು. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ರಷ್ಟು ಅಂಥವೇ. ನಾವು ಹೋಗುವ ತೋಟ ಹದಿನೆಂಟು ಎಕರೆ. ಕಾಯಂ ಆಳು ನಾಲ್ಕು, ಕೊಯ್ಲಿಗೆ ನಾವು ಇಪ್ಪತ್ತೊಂದು. ಐವತ್ತು ಎಲ್ಲಿಂದ ಬರಬೇಕು? ಕಾಯ್ದೆ ದೊಡ್ಡ ತೋಟವನ್ನು ನೋಡಿ ಮಾಡಿದ್ದು, ಮಕ್ಕಳು ಇರುವುದು ಸಣ್ಣ ತೋಟದಲ್ಲಿ.

ಈಗ ಆ ಹಳೇ ಕಾಯ್ದೆಯೂ ಇಲ್ಲ. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಅಂತ 2020ರಲ್ಲಿ ಮಾಡಿದ್ದನ್ನು 2025ರ ನವೆಂಬರ್ 21ರಿಂದ ಜಾರಿಗೆ ತಂದರು, ಹಳೆಯದು ಅದರೊಳಗೆ ಸೇರಿಹೋಯಿತು. ಅದರಲ್ಲಿ ಹೆಂಗಸರು ಐವತ್ತು ಅನ್ನುವ ಬದಲು ಗಂಡಸರು ಹೆಂಗಸರು ಸೇರಿ ಕೆಲಸಗಾರರು ಐವತ್ತು ಎಂದಾಗಿದೆ. ಅಷ್ಟರಮಟ್ಟಿಗೆ ಸಡಿಲವಾಯಿತು. ನಮಗೆ ಉಪಯೋಗವಾಗುವ ಇನ್ನೊಂದು ಮಾತೂ ಇದೆ. ಪ್ರತಿಯೊಬ್ಬರೂ ಬೇರೆ ಬೇರೆ ಕೋಣೆ ಮಾಡಬೇಕಾಗಿಲ್ಲ, ಅಕ್ಕಪಕ್ಕದವರು ಹಣ ಕೂಡಿಸಿ ಎಲ್ಲರಿಗೂ ಸೇರಿ ಒಂದು ಮಾಡಬಹುದು, ಸರ್ಕಾರದ್ದೋ ಸಂಸ್ಥೆಯವರದ್ದೋ ಇದ್ದರೆ ಅದನ್ನೇ ಬಳಸಬಹುದು. ಐವತ್ತು ಜನ ಇಲ್ಲದ ಬೆಳೆಗಾರರನ್ನು ಕಾಯ್ದೆ ಒತ್ತಾಯಿಸುವುದಿಲ್ಲ, ನಿಜ. ಹಾಗಂತ ಒಂದೇ ರಸ್ತೆಯ ನಾಲ್ಕು ತೋಟದವರು ಸೇರಿ ಮಾಡಿದರೆ ಬೇಡ ಅನ್ನುವವರೂ ಇಲ್ಲ.

ಮೊಲೆಯುಣ್ಣುವ ಕೂಸಿನ ತಾಯಿಯ ವಿಚಾರ ಬೇರೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಮಗುವಿಗೆ ಹದಿನೈದು ತಿಂಗಳು ತುಂಬುವ ತನಕ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು ಅಂತ ಇತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದನ್ನು ಉಳಿಸಿದ್ದಾರೆ. ಕಿಲೋ ಲೆಕ್ಕದ ಕೆಲಸದಲ್ಲಿ ಬಿಡುವು ಯಾರೂ ತಡೆಯುವುದಿಲ್ಲ, ತಾಯಿಯೇ ತೂಕ ಕಡಿಮೆ ಆಗುತ್ತದೆ ಅಂತ ಎದ್ದು ಹೋಗುವುದಿಲ್ಲ. ಇದನ್ನು ಕಾಯ್ದೆ ಬರೆದವರು ಯೋಚಿಸಿದ ಹಾಗೆ ಕಾಣಲಿಲ್ಲ.

ಅಂಗನವಾಡಿಯ ಹೊತ್ತು, ತೋಟದ ಹೊತ್ತು

ಅಂಗನವಾಡಿ ಇದೆಯಲ್ಲ, ಅಲ್ಲಿ ಬಿಡಬಾರದಾ ಅಂತ ಕೇಳುವವರಿದ್ದಾರೆ. ಅಂಗನವಾಡಿ ಯೋಜನೆ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ಅದರಿಂದ ಆದ ಉಪಕಾರ ಸಣ್ಣದಲ್ಲ, ಚುಚ್ಚುಮದ್ದು, ಊಟ, ತೂಕ ನೋಡುವುದು ಎಲ್ಲ ನಮ್ಮ ಮನೆ ಬಾಗಿಲಿಗೆ ಬಂತು. ಆದರೆ ಅದು ಮೂರರಿಂದ ಆರು ವರ್ಷದ ಮಕ್ಕಳನ್ನು ಕೂರಿಸಿಕೊಳ್ಳುವ ಜಾಗ. ಮೂರು ವರ್ಷದೊಳಗಿನವಕ್ಕೆ ಪುಷ್ಟಿ ಹಿಟ್ಟು ಮನೆಗೆ ಕೊಡುತ್ತಾರೆ, ಕೂಸನ್ನು ಇಟ್ಟುಕೊಳ್ಳುವುದಿಲ್ಲ. ಇರುವ ಒಬ್ಬ ಟೀಚರಮ್ಮ, ಒಬ್ಬ ಸಹಾಯಕಿ ಕೈಲಿ ಆಗುವುದೂ ಇಲ್ಲ. ಜೊತೆಗೆ ಬಾಗಿಲು ತೆಗೆಯುವ ಹೊತ್ತಿಗೆ ನಮ್ಮವರು ತೋಟದಲ್ಲಿ ಒಂದು ಚೀಲ ತುಂಬಿರುತ್ತಾರೆ, ಬಾಗಿಲು ಹಾಕುವ ಹೊತ್ತಿಗೆ ಹಣ್ಣು ಇನ್ನೂ ತೂಕಕ್ಕೆ ಬಂದಿರುವುದಿಲ್ಲ. ನಾವಿರುವ ತೋಟದಿಂದ ಅಂಗನವಾಡಿಗೆ ಒಂದೂವರೆ ಮೈಲಿ. ಆನೆ ಓಡಾಡುವ ದಾರಿ. ನಾಲ್ಕು ವರ್ಷದ ಮಗುವನ್ನು ಯಾರು ಬಿಡಬೇಕು, ಯಾರು ಕರೆತರಬೇಕು?

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. ಕೇಂದ್ರ ಸರ್ಕಾರ ಮಕ್ಕಳ ಪಾಲನಾ ಕೇಂದ್ರಗಳಿಗೆ ಹಿಂದಿನಿಂದಲೂ ಬೇರೆ ಬೇರೆ ಹೆಸರಿನಲ್ಲಿ ಹಣ ಕೊಡುತ್ತಾ ಬಂದಿದೆ. 2022ರಲ್ಲಿ ಅದಕ್ಕೆ ಪಾಲನಾ ಅಂತ ಹೆಸರಿಟ್ಟು ಅಂಗನವಾಡಿಯ ಜೊತೆಗೇ ಕ್ರೆಶ್ ನಡೆಸುವ ದಾರಿ ಮಾಡಿದರು. ಕೇಂದ್ರದ ಪಾಲು 60, ರಾಜ್ಯದ ಪಾಲು 40. ಆರು ತಿಂಗಳಿನಿಂದ ಆರು ವರ್ಷದ ಮಕ್ಕಳು. ಇಪ್ಪತ್ತೈದು ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ಇದು ಎಲ್ಲ ಊರಿಗೂ ಬಂದಿಲ್ಲ. ನಮ್ಮ ಊರಿಗೂ ಬೇಕು ಅಂದರೆ ಕೇಳಬೇಕಾದ ಜಾಗ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿ, ಜನ ಸಿ.ಡಿ.ಪಿ.ಒ. ಆಫೀಸು ಅನ್ನುತ್ತಾರೆ. ಎಷ್ಟು ಮಕ್ಕಳು, ಯಾವ ವಯಸ್ಸು, ತಾಯಂದಿರು ಎಷ್ಟು ಗಂಟೆಗೆ ಕೆಲಸಕ್ಕೆ ಹೋಗುತ್ತಾರೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ ಕೊಟ್ಟರೆ ಅರ್ಜಿಗೆ ಬೆಲೆ. ಬಾಯಲ್ಲಿ ಹೇಳಿದ್ದು ಬಾಗಿಲ ಹೊರಗೇ ಉಳಿಯುತ್ತದೆ.

ಒಂದು ಕಚೇರಿಯಲ್ಲಿ ನನಗೆ, ನೀವು ಈ ತಾಲೂಕಿನವರಲ್ಲ, ನಿಮ್ಮ ಊರಲ್ಲಿ ಕೇಳಿ ಅಂದರು. ಊರಲ್ಲಿ ಕೇಳಿದರೆ, ಜನವರಿಯಲ್ಲಿ ನಿಮ್ಮ ಮಕ್ಕಳು ಇಲ್ಲಿ ಇರುವುದೇ ಇಲ್ಲವಲ್ಲ ಅಂದರು. ಇಬ್ಬರು ಹೇಳಿದ್ದೂ ಸರಿ. ಕೂಸು ಮಾತ್ರ ಎರಡೂ ಪಟ್ಟಿಯಲ್ಲಿ ಇಲ್ಲ.

ಇದಕ್ಕೆ ದಾರಿ ತೋರಿಸಿದವರು ತೋಟದ ಹತ್ತಿರದ ಅಂಗನವಾಡಿ ಟೀಚರಮ್ಮ. ಅವರ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಅಂತ ಇದೆ, ಅದರಲ್ಲಿ ಒಂದು ಅಂಗನವಾಡಿಯ ಮಗುವನ್ನು ಇನ್ನೊಂದಕ್ಕೆ ವರ್ಗ ಮಾಡಬಹುದು. ನಮ್ಮ ಮಕ್ಕಳನ್ನು ಹಾಗೆ ಮಾಡಿಸಿಕೊಂಡು ಪುಷ್ಟಿ ಹಿಟ್ಟು ಅಲ್ಲೇ ಕೊಟ್ಟರು. ವಲಸೆ ಹೋಗುವ ಎಲ್ಲರಿಗೂ ಇದನ್ನು ಹೇಳಬೇಕು. ಹೊರಡುವ ಮುಂಚೆ ಊರಿನ ಟೀಚರಿಗೆ ಒಂದು ಮಾತು ತಿಳಿಸಿ, ಹೋದ ಕಡೆ ಮೊದಲ ವಾರವೇ ಹೆಸರು ಹೇಳಿ. ತಾಯಿ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬರಬೇಡಿ. ಒಂಬತ್ತು ತಿಂಗಳಿಗೆ ಹಾಕುವ ದಡಾರದ ಚುಚ್ಚುಮದ್ದು ನಮ್ಮ ಗುಂಪಿನ ಒಂದು ಕೂಸಿಗೆ ಕೊಯ್ಲಿನ ಮಧ್ಯವೇ ಬಂತು. ಕಾರ್ಡು ಜೊತೆಗಿದ್ದ ಕಾರಣ ಅಲ್ಲೇ ಹಾಕಿಸಿದೆವು.

ಐದು ಮಕ್ಕಳ ನಿಯಮ

ಐವತ್ತರ ಕಾಯ್ದೆ ಕೇಳಿ ಬೇಜಾರಾಗಿ ಕೂತಿದ್ದಾಗ ಅದೇ ವಕೀಲರು ಇನ್ನೊಂದು ಹೇಳಿದರು. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಕೆಲಸದ ಜಾಗಕ್ಕೆ ಬರುವ ಹೆಂಗಸರ ಜೊತೆ ಆರು ವರ್ಷದೊಳಗಿನ ಮಕ್ಕಳು ಐದು ಅಥವಾ ಹೆಚ್ಚು ಇದ್ದರೆ ಆ ಹೆಂಗಸರಲ್ಲೇ ಒಬ್ಬರನ್ನು ಮಕ್ಕಳ ಮೇಲೆ ನೇಮಿಸಬೇಕು, ಅವರಿಗೂ ಉಳಿದವರಷ್ಟೇ ಕೂಲಿ ಕೊಡಬೇಕು ಅಂತ ಬರೆದಿತ್ತು. ಕಟ್ಟಡ ಬೇಡ, ಹುದ್ದೆ ಬೇಡ, ಅರ್ಜಿ ಬೇಡ. ಐದು ಮಕ್ಕಳು, ಒಬ್ಬ ಹೆಂಗಸು, ಪೂರ್ತಿ ಕೂಲಿ.

ನಮ್ಮ ಊರ ಕೆರೆ ಹೂಳೆತ್ತುವಾಗ ಉದ್ಯೋಗ ಖಾತ್ರಿಯಲ್ಲಿ ನಾವೆಲ್ಲ ದುಡಿದಿದ್ದೇವೆ. ಇಂಥದ್ದು ಇದೆ ಅಂತ ಆಗ ಯಾರೂ ಹೇಳಲಿಲ್ಲ.

2023ರಲ್ಲಿ ನಮ್ಮ ರಾಜ್ಯ ಸರ್ಕಾರ ಇದನ್ನೇ ಸ್ವಲ್ಪ ದೊಡ್ಡದು ಮಾಡಿ ಕೂಸಿನ ಮನೆ ಅಂತ ಶುರು ಮಾಡಿತು. ಆ ವರ್ಷದ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುತ್ತೇವೆ ಎಂದರು. ಉದ್ಯೋಗ ಖಾತ್ರಿ ಕೂಲಿಗೆ ಹೋಗುವವರ ಮೂರು ವರ್ಷದೊಳಗಿನ ಮಕ್ಕಳನ್ನು ಹಗಲು ಅಲ್ಲಿ ಬಿಡಬಹುದು. ನೋಡಿಕೊಳ್ಳುವವರೂ ಅದೇ ಕೂಲಿ ಚೀಟಿಯ ಹೆಂಗಸರು, ತರಬೇತಿ ಕೊಟ್ಟು ಸರದಿಯ ಮೇಲೆ ಹಾಕಿದರು. ಅಂಗನವಾಡಿ ಬಿಟ್ಟ ಜಾಗವನ್ನು ಇದು ಹಿಡಿದಿದೆ, ಅದಕ್ಕೆ ನನಗೆ ಮೆಚ್ಚುಗೆ. ಆದರೆ ಉದ್ಯೋಗ ಖಾತ್ರಿಯ ಕೆಲಸಕ್ಕೂ ಸಾಹುಕಾರರ ತೋಟದ ಕೆಲಸಕ್ಕೂ ಮಗುವಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ? ನಾವು ತೋಟದಲ್ಲಿರುವ ತಿಂಗಳಲ್ಲಿ ಆ ಬಾಗಿಲು ನಮಗೆ ದೂರ. ಇನ್ನೊಂದು ವಿಷಯ, 2005ರ ಕಾಯ್ದೆಯ ಬದಲಿಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಬೇರೆ ಕಾಯ್ದೆಯನ್ನು ಪಾಸು ಮಾಡಿದೆ. ಕೂಸಿನ ಮನೆಯ ಹೆಂಗಸರ ಕೂಲಿ ಯಾವ ಲೆಕ್ಕದಿಂದ ಬರುತ್ತದೆ ಅಂತ ನಿಮ್ಮ ಪಂಚಾಯಿತಿ ಪಿ.ಡಿ.ಒ. ಅವರನ್ನು ಈಗಲೇ ಕೇಳಿಟ್ಟುಕೊಳ್ಳಿ. ಕೂಲಿ ನಿಂತರೆ ಕೂಸಿನ ಮನೆಯೂ ನಿಲ್ಲುತ್ತದೆ.

ನಾವು ತೋಟದಲ್ಲಿ ಮಾಡಿದ್ದು

2024ರ ಕೊನೆಗೆ ಕೊಯ್ಲಿಗೆ ಹೋದಾಗ ಆ ಐದು ಮಕ್ಕಳ ನಿಯಮವನ್ನೇ ತೋಟದಲ್ಲಿ ಮಾಡೋಣ ಅಂತ ಮಾತೆತ್ತಿದೆ. ಕೂಸು ನೋಡಿಕೊಳ್ಳಲು ನಮ್ಮ ದೊಡ್ಡಪ್ಪನ ಸೊಸೆ, ನನಗೆ ಅತ್ತಿಗೆ. ಅರವತ್ತು ದಾಟಿದೆ, ಮಂಡಿ ನೋವು, ಇಳಿಜಾರಿನಲ್ಲಿ ನಿಂತು ಕೊಯ್ಯಲು ಆಗುವುದಿಲ್ಲ. ದಿನಕ್ಕೆ 50 ಕಿಲೋ ಮಾಡಿದರೆ ಹೆಚ್ಚು. ಅವರಿಗೆ ದಿನಕ್ಕೆ 450 ರೂಪಾಯಿ ಅಂತ ಇಟ್ಟೆ, ಕೈ ಬಿಡುವಿರುವ ಹೆಂಗಸು 90 ಕಿಲೋ ಕೊಯ್ದರೆ ಬರುವಷ್ಟು.

ತಕರಾರು ಮೊದಲು ಬಂದದ್ದು ನಮ್ಮವರಿಂದಲೇ. ಅತ್ತಿಗೆ ಕೊಯ್ದಿದ್ದರೆ 250 ಸಿಗುತ್ತಿತ್ತು, ಕೂತಲ್ಲೇ ಕೂತರೆ 450 ಯಾಕೆ ಅಂದರು. ಒಂದು ದಿನ ನೀವೇ ಕೂತು ನೋಡಿ ಅಂದೆ. ಒಬ್ಬಳು ಕೂತಳು. ಮಾರನೇ ಬೆಳಗ್ಗೆ ಯಾರೂ ಎಬ್ಬಿಸದೇ ಚೀಲ ತಗೊಂಡು ತೋಟಕ್ಕೆ ನಡೆದಳು. ಆಮೇಲೆ ಆ ಮಾತು ಏಳಲಿಲ್ಲ.

ಸಾಹುಕಾರರ ತಕರಾರು ಬೇರೆ. "ಅಲ್ಲ ಮಾರಾಯ, ಕೂಸು ನಿಮ್ಮದು, ದುಡ್ಡು ನಾನು ಯಾಕೆ ಕೊಡಬೇಕು? ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ನನ್ನ ತಲೆಗೇ ಬರುತ್ತದಲ್ಲ" ಅಂದರು. ಹೋದ ವರ್ಷ ಯಾರೂ ನೋಡಿಕೊಳ್ಳದೇ ಇದ್ದಾಗ ಆದದ್ದಕ್ಕೂ ನಿಮ್ಮ ಜೀಪೇ ಹೋಯಿತಲ್ಲ ಸಾವ್ಕಾರ್ರೆ ಅಂದೆ. ಆಮೇಲೆ ಚೀಟಿಯಲ್ಲಿ ಲೆಕ್ಕ ಬರೆದು ತೋರಿಸಿದೆ. ಅರ್ಧ ಅವರು, ಅರ್ಧ ಐದು ಜನ ತಾಯಂದಿರು. ಅವರು ದಿನಕ್ಕೆ 225, ತಾಯಂದಿರು ತಲೆಗೆ 45. ಒಂದು ವಾರ ನೋಡೋಣ ಅಂತ ಒಪ್ಪಿದರು.

ಆ ಕೊಯ್ಲಿನಲ್ಲಿ 38 ದಿನ ನಡೆಯಿತು. ಐದು ಜನ ತಾಯಂದಿರ ಸರಾಸರಿ 85 ಕಿಲೋಗೆ ಬಂತು. ಉಳಿದವರ 90 ಮುಟ್ಟಲಿಲ್ಲ, ಯಾಕೆಂದರೆ ಎಳೆಕೂಸಿನ ತಾಯಿ ದಿನಕ್ಕೆ ಎರಡು ಸಲ ಹಾಲೂಡಿಸಿ ಬರುತ್ತಿದ್ದಳು, ಅದನ್ನು ನಾವೇ ಕಡ್ಡಾಯ ಮಾಡಿದ್ದೆವು. ಹಿಂದಿನ ಲೆಕ್ಕದಲ್ಲಿ ಐವರದು 300 ಕಿಲೋ, ಅತ್ತಿಗೆಯದು 50, ಒಟ್ಟು 350. ಈಗ ಅತ್ತಿಗೆ ಕೊಯ್ಯದೆಯೂ 425. ದಿನಕ್ಕೆ 75 ಕಿಲೋ ಹೆಚ್ಚು, 38 ದಿನಕ್ಕೆ 2,850 ಕಿಲೋ. ಸಾಹುಕಾರರಿಗೆ ಬಿದ್ದ ಖರ್ಚು 8,550 ರೂಪಾಯಿ. ಪ್ರತಿ ತಾಯಿಗೆ 45 ಕಳೆದು 380 ರೂಪಾಯಿ ಕೈಗೆ ಬಂತು, ಮೊದಲು 300 ಇತ್ತು. ಕೊಯ್ಲಿಗೆ 3,040 ರೂಪಾಯಿ ಉಳಿಕೆ.

ರೋಬಸ್ಟಾ ಬೆಳೆಗಾರರಿಗೆ ಈ 75 ಕಿಲೋ ಯಾಕೆ ಬೇಕು ಅಂದರೆ, ಹೂಮಳೆ ಬರುವುದರೊಳಗೆ, ಇಲ್ಲವೇ ಸ್ಪ್ರಿಂಕ್ಲರ್ ಹಾಕುವುದರೊಳಗೆ ಗಿಡ ಖಾಲಿ ಆಗಬೇಕು. ಹಣ್ಣು ಗಿಡದಲ್ಲೇ ಒಣಗಿ ಉದುರಿದರೆ ಆರಿಸಲು ಮತ್ತೆ ಆಳು ಬೇಕು. ಆ ವರ್ಷ ನಾವು ನಾಲ್ಕು ದಿನ ಮೊದಲೇ ತಾಕು ಮುಗಿಸಿಕೊಟ್ಟೆವು. 2025-26ರ ಕೊಯ್ಲಿಗೆ ಅವರೇ ಫೋನು ಮಾಡಿ, ನಿಮ್ಮ ಅತ್ತಿಗೆ ಬರ್ತಾರಾ ಅಂತ ಕೇಳಿದರು. ನಾವು ಎಷ್ಟು ಜನ ಬರುತ್ತೇವೆ ಅಂತ ಆಮೇಲೆ ಕೇಳಿದರು.

ನನ್ನ ಮೊಮ್ಮಗಳು ಆ ಎರಡು ಕೊಯ್ಲಿಗೂ ಬರಲಿಲ್ಲ. ಊರಲ್ಲಿ ನನ್ನ ತಾಯಿಯ ಜೊತೆ ಇದ್ದು ಸ್ಕೂಲಿಗೆ ಹೋದಳು. ಹಾಗೆ ಇನ್ನೂ ಇಬ್ಬರು ಹುಡುಗಿಯರು ಊರಲ್ಲಿ ಉಳಿದರು.

ಕೋಣೆಯ ವಿಚಾರ

ಲೈನಿನ ಕೊನೆಯ ಕೋಣೆ ಕೊಟ್ಟರು. ಅದರಲ್ಲಿ ಮೊದಲು ಗೊಬ್ಬರದ ಚೀಲ, ಮೈಲುತುತ್ತು, ಕಳೆನಾಶಕದ ಕ್ಯಾನು ಇಟ್ಟಿದ್ದರು. ಎಲ್ಲ ಸಾಗಿಸಿ, ನೆಲವನ್ನು ಎರಡು ಸಲ ತೊಳೆದು ಮೂರು ದಿನ ಬಾಗಿಲು ತೆಗೆದಿಟ್ಟು ಆಮೇಲೆ ಮಕ್ಕಳನ್ನು ಬಿಟ್ಟೆವು. ಔಷಧಿ ಹೊಡೆದ ಖಾಲಿ ಕ್ಯಾನನ್ನು ನೀರು ತುಂಬಲು ಇಡುವ ಅಭ್ಯಾಸ ಕೆಲವು ಕಡೆ ಇದೆ, ಅದು ಕೋಣೆಯ ಹತ್ತಿರವೂ ಸುಳಿಯಬಾರದು. ಬಾಗಿಲಿಗೆ ಅಡ್ಡ ಎರಡೂವರೆ ಅಡಿ ಎತ್ತರದ ಬಿದಿರಿನ ತಡಿಕೆ ಮಾಡಿದೆವು. ಅತ್ತಿಗೆ ದಾಟುತ್ತಾರೆ, ಮಕ್ಕಳು ದಾಟುವುದಿಲ್ಲ. ಇದಕ್ಕೆ ಖರ್ಚು ಇಲ್ಲ, ಉಪಯೋಗ ಎಲ್ಲಕ್ಕಿಂತ ಹೆಚ್ಚು. ತೋಟದ ಕೆರೆಗೂ ಪಲ್ಪರ್ ನೀರಿನ ಗುಂಡಿಗೂ ಬೇಲಿ ಕೇಳಿದೆ. ಗುಂಡಿಗೆ ಹಾಕಿಸಿದರು. ಕೆರೆಯದು ಈ ಸಲ ಆಗಬೇಕು.

ಕುದಿಸಿ ಆರಿಸಿದ ನೀರು ಮುಚ್ಚಳದ ಪಾತ್ರೆಯಲ್ಲಿ, ಒಂದು ಸೋಪು, ಐದು ಬೇರೆ ಬೇರೆ ಲೋಟ. ಭೇದಿ ಆದರೆ ಕೊಡಲು ಓ.ಆರ್.ಎಸ್. ಪೊಟ್ಟಣ ಆಶಾ ಕಾರ್ಯಕರ್ತೆಯ ಹತ್ತಿರ ಪುಕ್ಕಟೆ ಸಿಗುತ್ತದೆ. ತಾಯಂದಿರು ಬೆಳಗ್ಗೆ ಅವರವರ ಮಗುವಿನ ಊಟ ಡಬ್ಬಿಯಲ್ಲಿ ಕೊಟ್ಟು ಹೋಗುತ್ತಾರೆ, ಅತ್ತಿಗೆ ಅಡುಗೆ ಮಾಡುವುದಿಲ್ಲ. ಒಲೆ ಇದ್ದರೆ ಮಕ್ಕಳ ಮೇಲೆ ಕಣ್ಣು ಇರುವುದಿಲ್ಲ ಅಂತ ಅವರದೇ ಹಟ. ಐದಕ್ಕಿಂತ ಹೆಚ್ಚು ಮಕ್ಕಳನ್ನು ಒಬ್ಬರ ಮೇಲೆ ಹಾಕಬೇಡಿ, ಅದರಲ್ಲೂ ಎಳೆಕೂಸು ಎರಡು ಇದ್ದರೆ ನಾಲ್ಕೇ ಸಾಕು. ನೋಡಿಕೊಳ್ಳುವವರಿಗೆ ಹುಷಾರಿಲ್ಲದ ದಿನಕ್ಕೆ ಇನ್ನೊಬ್ಬರು ಯಾರು ಅಂತ ಮೊದಲೇ ಹೆಸರು ಹೇಳಿರಬೇಕು. ನಮ್ಮಲ್ಲಿ ಆ ದಿನ ಸರದಿಯ ಪ್ರಕಾರ ಒಬ್ಬ ತಾಯಿ ಕೂರುತ್ತಾಳೆ, ಅವತ್ತಿನ 450 ಅವಳಿಗೆ.

ಇನ್ನೂ ಬಗೆಹರಿಯದ್ದು

ಇದನ್ನು ಓದಿ ಯಾರಾದರೂ, ಹಾಗಾದರೆ ಸರ್ಕಾರ ಬೇಡ, ನೀವೇ ಮಾಡಿಕೊಳ್ಳಿ ಅಂದರೆ ನಾನು ಒಪ್ಪುವುದಿಲ್ಲ. ನಮಗೆ ಲೆಕ್ಕ ಸರಿಹೋದದ್ದು ಫಸಲು ತುಂಬಿದ ಗಿಡದಲ್ಲಿ, ಕಿಲೋ ಲೆಕ್ಕದ ಕೆಲಸದಲ್ಲಿ. ಫಸಲು ಕಡಿಮೆ ಇರುವ ವರ್ಷ ಕೂಸಿಲ್ಲದವರೂ 50 ಕಿಲೋ ದಾಟುವುದಿಲ್ಲ, ಆಗ 450 ಹೊಂದಿಸುವುದು ಕಷ್ಟ. ದಿನಗೂಲಿಯ ಚಿಗುರು ತೆಗೆಯುವ ಕೆಲಸ, ಕಳೆ ಕೆಲಸಕ್ಕೆ ಬಂದ ತಾಯಿಗೆ ಈ ಲೆಕ್ಕ ತೋರಿಸಲು ಆಗುವುದೇ ಇಲ್ಲ. ನಮ್ಮ ಊರಿನ ರಾಗಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸಿನ ಕೂಸಿಗೆ ಯಾವ ಸಾಹುಕಾರರೂ ಅರ್ಧ ಕೊಡುವುದಿಲ್ಲ, ಯಾಕೆಂದರೆ ಅಲ್ಲಿ ಸಾಹುಕಾರ ಅಂದರೆ ನನ್ನಂಥವನೇ. ಅಲ್ಲಿಗೆ ಪಾಲನಾ ಬೇಕು, ಕೂಸಿನ ಮನೆ ಬೇಕು. ಗೋಣಿಬೀಡು ಥರದ ಹೋಬಳಿಗಳಲ್ಲಿ ಡಿಸೆಂಬರಿನಿಂದ ಮಾರ್ಚಿಯವರೆಗೆ ನಾಲ್ಕೇ ತಿಂಗಳು, ಬೆಳಗ್ಗೆ ಎಂಟಕ್ಕೆ ಬಾಗಿಲು ತೆಗೆಯುವ ಅಂಗನವಾಡಿ ಕ್ರೆಶ್ ಒಂದೆರಡು ಇದ್ದರೂ ಸಾಕು, ನಾಲ್ಕು ಸಣ್ಣ ತೋಟದ ಮಕ್ಕಳು ಒಂದೇ ಕಡೆ ಇರಬಹುದು. ಬೆಳೆಗಾರರ ಸಂಘದವರು ಕೂಲಿಯಾಳಿನ ಕೊರತೆ ಅಂತ ಮನವಿ ಕೊಡುವಾಗ ಇದನ್ನೂ ಒಂದು ಸಾಲು ಸೇರಿಸಿದರೆ ನಮ್ಮಂಥವರು ಕೊಟ್ಟ ಹತ್ತು ಅರ್ಜಿಗಿಂತ ಅದಕ್ಕೆ ತೂಕ.

ಪಕ್ಕದ ತೋಟಕ್ಕೆ ಬಂದಿದ್ದ ಅಸ್ಸಾಮಿನ ಒಂದು ಕುಟುಂಬ 2026ರ ಜನವರಿಯಲ್ಲಿ ತಮ್ಮ ಎರಡು ವರ್ಷದ ಮಗಳನ್ನು ಅತ್ತಿಗೆಯ ಹತ್ತಿರ ಬಿಡಬಹುದಾ ಅಂತ ಕೈಸನ್ನೆಯಲ್ಲಿ ಕೇಳಿದರು. ನಮ್ಮಲ್ಲಿ ಒಂದು ಮಗು ದೊಡ್ಡದಾಗಿ ಸ್ಕೂಲು ಸೇರಿದ್ದರಿಂದ ಜಾಗ ಇತ್ತು, ಬಿಡಿ ಅಂದೆವು. ಆ ತಾಯಿಯೂ 45 ಕೊಡುತ್ತಿದ್ದಳು, ಅವರ ತೋಟದವರು ಮಾತ್ರ ಏನೂ ಕೊಡಲಿಲ್ಲ. ಮಗು ಮೊದಲ ವಾರ ಅತ್ತದ್ದೇ ಅತ್ತದ್ದು, ಅತ್ತಿಗೆಗೆ ಅದರ ಮಾತು ತಿಳಿಯದು. ಫೆಬ್ರವರಿ ಹೊತ್ತಿಗೆ ಅದು ನೀರು, ಅಜ್ಜಿ, ಬೇಡ ಅನ್ನಲು ಕಲಿತಿತ್ತು. ಅದರ ತಾಯಿಯ ಹತ್ತಿರ ತಾಯಿ ಕಾರ್ಡಿನ ಬದಲು ಅಸ್ಸಾಮಿನ ಬೇರೆ ಕಾರ್ಡು ಇತ್ತು, ಅದನ್ನು ಓದಿಸಿ ಚುಚ್ಚುಮದ್ದು ಯಾವುದು ಆಗಿದೆ ಅಂತ ತಿಳಿಯಲು ಟೀಚರಮ್ಮನಿಗೆ ಎರಡು ದಿನ ಹಿಡಿಯಿತು.

ಈ ಡಿಸೆಂಬರಿಗೂ ಅತ್ತಿಗೆ ಬರುತ್ತೇನೆ ಅಂದಿದ್ದಾರೆ, ಒಂದು ಷರತ್ತಿನ ಮೇಲೆ. ಎರಡು ಕೊಯ್ಲಿನಲ್ಲೂ ಅವರ ಕೂಲಿಯನ್ನು ವಾರಕ್ಕೊಮ್ಮೆ ಮಗನ ಕೈಗೆ ಕೊಡುತ್ತಿದ್ದೆವು. ಇನ್ನು ಮುಂದೆ ತನ್ನ ಕೈಗೇ ಕೊಡಬೇಕು ಅಂತ. ಸಾಹುಕಾರರಿಗೂ ಅದನ್ನು ತಿಳಿಸಿದ್ದೇನೆ.